ಸೌಟಕ್ಕನ ಹನ್ನೆರಡು ತಟ್ಟೆ

ಹೋಟೆಲಿಗೆ ಕಾಲಿಟ್ಟ ಕೂಡಲೇ ಸೌಟಕ್ಕ ಮೊದಲು ಇಣುಕುತ್ತಿದ್ದುದು ಎಂಜಲು ಬಕೆಟ್ಟಿಗೆ. ತಲೆಗೆ ಬಟ್ಟೆ ಕಟ್ಟಿಕೊಳ್ಳುವುದು, ಒಲೆ ಹಚ್ಚುವುದು, ಅಕ್ಕಿ ತೊಳೆಯುವುದು ಎಲ್ಲ ಆಮೇಲೆ. ಹಿಂದಿನ ದಿನ ಗಿರಾಕಿಗಳು ತಟ್ಟೆಯಲ್ಲಿ ಬಿಟ್ಟದ್ದೆಲ್ಲ ಆ ಬಕೆಟ್ಟಿಗೆ ಬೀಳಬೇಕು. ಏನು ಬಿದ್ದಿದೆ, ಎಷ್ಟು ಬಿದ್ದಿದೆ ಎಂದು ಒಂದು ಸಲ ನೋಡಿದರೆ ನಿನ್ನೆಯ ಅಡುಗೆ ಹೇಗಿತ್ತೆಂದು ಅವಳಿಗೆ ತಿಳಿದುಹೋಗುತ್ತಿತ್ತು. ತರಕಾರಿ ಹೆಚ್ಚು ಬಿದ್ದಿದ್ದರೆ ಸರಿಯಾಗಿ ಬೆಂದಿರಲಿಲ್ಲ. ಬರೀ ಅನ್ನ ಬಿದ್ದಿದ್ದರೆ ಕಲಸಿಕೊಳ್ಳಲು ಬೇಳೆ ಸಾಲಿರಲಿಲ್ಲ. ಎರಡೂ ಬಿದ್ದಿದ್ದರೆ ಅವತ್ತೆಲ್ಲ ಅವಳ ಹತ್ತಿರ ಯಾರೂ ಸುಳಿಯುವ ಹಾಗಿರಲಿಲ್ಲ. ಹೊಗಳುವವರು ದಾಕ್ಷಿಣ್ಯಕ್ಕೆ ಹೊಗಳಿಯಾರು, ಬಕೆಟ್ಟಿಗೆ ದಾಕ್ಷಿಣ್ಯವಿಲ್ಲ ಎನ್ನುತ್ತಿದ್ದಳು. ಇಪ್ಪತ್ತೇಳು ವರ್ಷ ಹೀಗೆ ದಿನಾ ತನ್ನ ಪರೀಕ್ಷೆಯ ಫಲಿತಾಂಶವನ್ನು ತಾನೇ ನೋಡಿಕೊಂಡು ಬಂದ ಹೆಂಗಸು ಅವಳು.

ಅವಳಿಗೆ ಬೇರೆ ಹೆಸರೇನೋ ಇತ್ತು, ಪಡಿತರ ಚೀಟಿಯಲ್ಲಿ ಬಿಟ್ಟು ಮತ್ತೆಲ್ಲೂ ಅದು ಬಳಕೆಯಲ್ಲಿರಲಿಲ್ಲ. ಮಾತಾಡುವಾಗ ಕೈಯಲ್ಲಿ ಸೌಟು ಇದ್ದರೆ ಸೌಟು ತೋರಿಸಿ ಮಾತಾಡುವುದು, ಇಲ್ಲದಿದ್ದರೆ ಇದ್ದಂತೆಯೇ ಕೈ ಆಡಿಸುವುದು ಅವಳ ಅಭ್ಯಾಸ. ಹಾಗಾಗಿ ಬೀದಿಗೆಲ್ಲ ಅವಳು ಸೌಟಕ್ಕ. ಗಿಡ್ಡ ಆಳು, ಮೊಣಕೈವರೆಗೂ ಎಣ್ಣೆ ಸಿಡಿದ ಕಲೆ, ವಯಸ್ಸು ಐವತ್ತೆಂಟು. ಗಂಡ ದರ್ಜಿ. ಹೋಟೆಲಿನ ಗೋಡೆಗೆ ಅಂಟಿಕೊಂಡೇ ಅವನ ಅಂಗಡಿ, ಅಂಗಡಿಯ ಮೇಲೆ ಇವರ ಎರಡು ಕೋಣೆಯ ಮನೆ. ಗಂಡ ಹೊಲಿಗೆ ಮಿಷನ್ ತುಳಿದರೆ ಆ ಸದ್ದು ಹೋಟೆಲಿನ ಅಡುಗೆಮನೆಗೆ ಕೇಳುತ್ತಿತ್ತು. ಸದ್ದು ನಿಂತರೆ ಮನುಷ್ಯ ಹರಟೆಗೆ ಎದ್ದಿದ್ದಾನೆ ಎಂದು ಅವಳು ಗೋಡೆಗೆ ಎರಡು ಸಲ ಬಡಿಯುತ್ತಿದ್ದಳು. ಮಿಷನ್ ಮತ್ತೆ ಶುರುವಾಗುತ್ತಿತ್ತು.

ಹೋಟೆಲು ದೊಡ್ಡ ಯಜಮಾನರದ್ದು. ಹನ್ನೆರಡು ಟೇಬಲ್ಲು, ಮಧ್ಯಾಹ್ನದ ಊಟಕ್ಕೆ ಹೆಸರಾದ ಜಾಗ. ಅವರು ತೀರಿಕೊಂಡ ಮೇಲೆ ಮಗ, ಅಂದರೆ ಚಿಕ್ಕ ಯಜಮಾನ, ಗಲ್ಲಾದಲ್ಲಿ ಕೂತ. ಕೂತ ಆರು ತಿಂಗಳಿಗೆ ಮದ್ಯದ ಪರವಾನಗಿ ತಂದ. ಅದಕ್ಕೊಂದು ಷರತ್ತಿತ್ತು: ಇದು ಊಟದ ಹೋಟೆಲು, ಕುಡಿಯಲು ಕೊಡುವುದೇನಿದ್ದರೂ ಊಟದ ಜತೆಗೆ ಮಾತ್ರ, ಗಿರಾಕಿ ಕೂತ ಪ್ರತಿ ಟೇಬಲ್ಲಿನ ಮೇಲೂ ಊಟದ ತಟ್ಟೆ ಇರಲೇಬೇಕು. ಚಿಕ್ಕ ಯಜಮಾನ ಮಧ್ಯಾಹ್ನದ ಊಟ ನಿಲ್ಲಿಸಿದ, ಸಂಜೆ ಆರೂವರೆಗೆ ಬಾಗಿಲು ತೆಗೆಯಲು ಶುರುಮಾಡಿದ.

"ನಿನಗೂ ವಯಸ್ಸಾಯ್ತಕ್ಕ," ಎಂದಿದ್ದ. "ಎರಡು ಗಂಟೆಗೆ ಬಾ, ಹನ್ನೆರಡು ತಟ್ಟೆ ಊಟ ಮಾಡಿಡು, ಆರಕ್ಕೆ ಮನೆಗೆ ಹೋಗು. ಬಡಿಸೋದು ಮೀಸೆ ನೋಡ್ಕೋತಾನೆ."

ಮೀಸೆ ಎಂದರೆ ಹಳೆಯ ಸಪ್ಲೈಯರ್. ಅವನ ಮುಖದಲ್ಲಿ ಮೀಸೆಯ ಹೊರತು ನೆನಪಿಡುವಂಥದ್ದು ಬೇರೇನೂ ಇರಲಿಲ್ಲ. ಚಿಕ್ಕ ಯಜಮಾನನ ಮಾತು ಕೇಳಿ, ಈ ಹುಡುಗ ನನ್ನ ಸೊಂಟನೋವಿನ ಬಗ್ಗೆ ಎಷ್ಟು ಯೋಚನೆ ಮಾಡ್ತಾನೆ ಎಂದು ಸೌಟಕ್ಕನಿಗೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಅವನು ಶಾಲೆಯಿಂದ ಬಂದು ಅವಳ ಅಡುಗೆಮನೆಯ ಮೆಟ್ಟಿಲ ಮೇಲೆ ಕೂತು ಊಟ ಮಾಡಿ ಬೆಳೆದವನು. ಜನರ ಮುಂದೆ ಅವಳು ಅವನನ್ನು ಚಿಕ್ಕ ಯಜಮಾನ್ರೇ ಎನ್ನುತ್ತಿದ್ದಳು, ಒಬ್ಬನೇ ಸಿಕ್ಕಾಗ ಪುಟ್ಟಾ ಎನ್ನುತ್ತಿದ್ದಳು.

ಅಲ್ಲಿಂದ ಮುಂದೆ ಮೂರು ವರ್ಷ ನಡೆದದ್ದನ್ನು ಏನೆನ್ನಬೇಕೋ ತಿಳಿಯದು. ದಿನಾ ಎರಡು ಗಂಟೆಗೆ ಅವಳು ಬಂದು ಬಕೆಟ್ಟಿಗೆ ಇಣುಕಿದರೆ ಬಕೆಟ್ಟು ಒಣಗಿರುತ್ತಿತ್ತು. ಒಂದು ಅಗುಳಿಲ್ಲ, ಒಂದು ಬಟಾಣಿ ಕಾಳಿಲ್ಲ. ಹನ್ನೆರಡು ತಟ್ಟೆಯೂ ತೊಳೆದು ಸ್ಟ್ಯಾಂಡಿನಲ್ಲಿ ಹೊಳೆಯುತ್ತಿದ್ದವು. ಮೊದಲ ವಾರ ಅವಳಿಗೆ ಆಶ್ಚರ್ಯ. ತಿಂಗಳಾದ ಮೇಲೆ ಹೆಮ್ಮೆ. ವರ್ಷ ಕಳೆಯುವ ಹೊತ್ತಿಗೆ ತರಕಾರಿ ಅಂಗಡಿಯಲ್ಲಿ, ನೀರಿನ ನಲ್ಲಿಯ ಹತ್ತಿರ, ಎಲ್ಲ ಕಡೆ ಅದೇ ಮಾತು.

"ಕುಡಿಯೋ ಜನ ಅಂತ ಬಯ್ಯಬೇಡಿ. ನನ್ನ ಕೈ ಊಟ ತಟ್ಟೆ ಒರೆಸಿ ತಿಂತಾರೆ. ದೊಡ್ಡ ಯಜಮಾನರ ಕಾಲದಲ್ಲೂ ಹೀಗೆ ತಿಂದವರನ್ನ ನಾನು ನೋಡಿಲ್ಲ."

ಪಾಪ, ಹೇಳಿಕೊಂಡು ತಿರುಗಿದಳು. ಕೇಳಿದವರಲ್ಲಿ ಒಬ್ಬರಿಬ್ಬರು ಮುಖ ಬೇರೆ ಕಡೆ ತಿರುಗಿಸಿದ್ದನ್ನು ಅವಳು ಹೊಟ್ಟೆಕಿಚ್ಚು ಎಂದುಕೊಂಡಳು.

ಬೀದಿಯವರಿಗೆ ಅಷ್ಟರಲ್ಲಿ ಸಾಕುಬೇಕಾಗಿತ್ತು. ಸಂಜೆಯಾದರೆ ಫುಟ್‌ಪಾತಿನ ತುಂಬ ಬೈಕು, ಜೋರು ಜೋರು ಮಾತು, ಕಿಟಕಿ ಕೆಳಗೆ ಒಡೆದ ಗಾಜು. ಎದುರುಮನೆಯ ಹೆಡ್‌ಮೇಡಂ ಒಂದು ಅರ್ಜಿ ಬರೆದರು. ಅವರು ಮೂವತ್ತು ವರ್ಷ ಮುಖ್ಯೋಪಾಧ್ಯಾಯಿನಿಯಾಗಿದ್ದು ನಿವೃತ್ತರಾದವರು, ನಿವೃತ್ತಿಯಾದದ್ದು ಮಾತ್ರ ಅವರ ಧ್ವನಿಗೆ ಇನ್ನೂ ತಿಳಿದಿರಲಿಲ್ಲ. ಅರ್ಜಿಯಲ್ಲಿ ಇದ್ದದ್ದು ಇಷ್ಟು: ಊಟದ ಹೋಟೆಲೆಂದು ಪರವಾನಗಿ ಪಡೆದು ಇಲ್ಲಿ ಬಾರು ನಡೆಸುತ್ತಿದ್ದಾರೆ, ಪರವಾನಗಿ ರದ್ದು ಮಾಡಬೇಕು. ಅರವತ್ತೊಂದು ಸಹಿ ಬಿತ್ತು. ಮೂರನೆಯ ಸಹಿ ದರ್ಜಿಯದು.

ಅದು ಸೌಟಕ್ಕನಿಗೆ ಗೊತ್ತಾದದ್ದು ನಾಲ್ಕು ದಿನ ಬಿಟ್ಟು, ಅದೂ ಹಾಲು ಹಾಕುವವಳ ಬಾಯಿಂದ. ಸೀದಾ ಅಂಗಡಿಗಿಳಿದು ಬಂದಳು. ದರ್ಜಿ ಯಾರದೋ ಪ್ಯಾಂಟಿನ ಅಂಚು ಮಡಿಸುತ್ತಿದ್ದ.

"ಏನೂಂದ್ರೆ, ನನ್ನ ಹೋಟೆಲ್ ಮುಚ್ಚಿಸೋಕೆ ನೀವು ಸಹಿ ಹಾಕಿದ್ರಾ?"

"ನಿನ್ನ ಹೋಟೆಲ್ ಮುಚ್ಚಿಸೋಕಲ್ಲ ಮಾರಾಯ್ತಿ. ನನ್ನ ಶಟರ್ ಉಳಿಸ್ಕೊಳೋಕೆ. ದಿನಾ ಬೆಳಿಗ್ಗೆ ಎರಡು ಬಕೆಟ್ ನೀರು ಸುರಿದು ತೊಳೀತೀನಿ. ಯಾತಕ್ಕೆ ಅಂತ ನಿನಗೆ ಬಿಡಿಸಿ ಹೇಳಬೇಕಾ?"

"ನನ್ನನ್ನ ಒಂದು ಮಾತು ಕೇಳಬೇಕು ಅಂತ ಅನ್ನಿಸಲಿಲ್ವಾ?"

"ಕೇಳಿದ್ರೆ ಬೇಡ ಅಂತಿದ್ದೆ."

"ಅಂತಿದ್ದೆ!"

"ಅದಕ್ಕೇ ಕೇಳಲಿಲ್ಲ," ಎಂದು ದರ್ಜಿ ಸೂಜಿಯನ್ನು ತುಟಿಯಲ್ಲಿ ಕಚ್ಚಿಕೊಂಡ. ಸೂಜಿ ತುಟಿಯಲ್ಲಿದ್ದಾಗ ಅವನನ್ನು ಮಾತಾಡಿಸಬಾರದೆಂಬುದು ಆ ಮನೆಯ ಕಟ್ಟಳೆ, ಅವನು ಅದನ್ನು ಚೆನ್ನಾಗಿ ಬಳಸಿಕೊಳ್ಳುತ್ತಿದ್ದ. ಎರಡು ದಿನ ಗಂಡ ಹೆಂಡತಿ ಮಾತಾಡಲಿಲ್ಲ. ಮೂರನೇ ದಿನ ಅವಳು ಗೋಡೆಗೆ ಎರಡು ಸಲ ಬಡಿದಳು, ಅಲ್ಲಿಗೆ ರಾಜಿ. ಆದರೆ ಅವನು ಸಹಿ ವಾಪಸ್ ತೆಗೆದುಕೊಳ್ಳಲಿಲ್ಲ, ಅವಳೂ ಕೆಲಸ ಬಿಡಲಿಲ್ಲ. ಒಂದೇ ಮನೆಯಲ್ಲಿ ಎರಡು ಪಕ್ಷ.

ಪರವಾನಗಿ ಕಚೇರಿಯಿಂದ ವಿಚಾರಣೆಯ ನೋಟೀಸು ಬಂತು. ಚಿಕ್ಕ ಯಜಮಾನ ಅದನ್ನು ಹಿಡಿದು ಅಡುಗೆಮನೆಗೆ ಬಂದ. ಮಗುವಾಗಿದ್ದಾಗ ಕೂರುತ್ತಿದ್ದ ಮೆಟ್ಟಿಲ ಮೇಲೆಯೇ ಕೂತ.

"ಅಕ್ಕಾ, ಬರೋ ಗುರುವಾರ ಹನ್ನೊಂದು ಗಂಟೆಗೆ ನೀನೂ ಬರಬೇಕು. ಊಟ ಮಾಡ್ತೀಯಾ ಅಂತ ಕೇಳ್ತಾರೆ, ಮಾಡ್ತೀನಿ ಅನ್ನು. ಎಷ್ಟು ಅಂತಾರೆ, ಹನ್ನೆರಡು ತಟ್ಟೆ ಅನ್ನು. ಇರೋದನ್ನ ಇದ್ದ ಹಾಗೆ ಹೇಳೋದು, ಅಷ್ಟೇ."

"ಅದಕ್ಕೇನಂತೆ. ತಟ್ಟೆ ಒರೆಸಿ ತಿಂತಾರೆ ಅಂತಾನೂ ಹೇಳ್ತೀನಿ."

ಚಿಕ್ಕ ಯಜಮಾನ ನೋಟೀಸನ್ನು ನಾಲ್ಕಾಗಿ ಮಡಿಸಿದ. "ಅಷ್ಟೆಲ್ಲ ಬೇಡಕ್ಕ. ಕೇಳಿದ್ದಕ್ಕೆ ಮಾತ್ರ ಹೇಳು. ಪರವಾನಗಿ ಹೋದ್ರೆ ನಾನು ಬಾಗಿಲು ಹಾಕ್ತೀನಿ. ಈ ಒಲೆ ನಿನ್ನ ಕೈಲಿದೆ."

ಸೌಟಕ್ಕ ಅದನ್ನು ಎದೆಗೆ ಹಚ್ಚಿಕೊಂಡಳು. ಅವಳಿಗೆ ಮಕ್ಕಳಿರಲಿಲ್ಲ. ಇದ್ದದ್ದು ಆ ಮೂರು ಒಲೆ, ಕಪ್ಪು ಹಿಡಿದ ಗೋಡೆ, ಹಿಡಿಯಲ್ಲಿ ಅವಳ ಕೈಯ ಅಚ್ಚು ಬಿದ್ದ ಪಾತ್ರೆಗಳು. ಅದು ಹೋದರೆ ಬೆಳಿಗ್ಗೆ ಎದ್ದು ತಾನು ಯಾರು ಎಂದುಕೊಳ್ಳಬೇಕೋ ಅವಳಿಗೆ ತಿಳಿಯದು.

ಇಷ್ಟರಲ್ಲಿ ಅವಳಿಗೆ ನೆಗಡಿಯಾಯಿತು. ಅಂಥಿಂಥ ನೆಗಡಿಯಲ್ಲ, ಮೂಗು ಕಟ್ಟಿ ನಾಲಿಗೆ ಸತ್ತುಹೋಗುವಂಥದ್ದು. ರುಚಿ ನೋಡಿದರೆ ಬಿಸಿ ಅನ್ನಿಸುತ್ತಿತ್ತೇ ಹೊರತು ಉಪ್ಪು ಖಾರ ಏನೂ ತಿಳಿಯುತ್ತಿರಲಿಲ್ಲ. ಶುಕ್ರವಾರ ಬೇಳೆ ತರಕಾರಿ ಕುದಿಯುವಾಗ ಒಮ್ಮೆ ಉಪ್ಪು ಹಾಕಿದಳು. ಸೀನು ಬಂತು, ಆಚೆ ಹೋಗಿ ಬಂದಳು. ಉಪ್ಪು ಹಾಕಿದೆನೋ ಇಲ್ಲವೋ ಎಂದು ನೆನಪಾಗದೆ ಇನ್ನೊಮ್ಮೆ ಹಾಕಿದಳು. ಆರು ಗಂಟೆಗೆ ಎಂದಿನಂತೆ ಅದೇ ಪಾತ್ರೆಯಿಂದ ಎರಡು ಡಬ್ಬಿ ತುಂಬಿಕೊಂಡು ಮನೆಗೆ ಬಂದಳು.

ದರ್ಜಿ ಮೊದಲ ತುತ್ತು ನುಂಗಿದ. ಎರಡನೆಯ ತುತ್ತಿಗೆ ಕಣ್ಣಲ್ಲಿ ನೀರು ಬಂತು. ಎದ್ದು ಹೋಗಿ ಒಂದು ಚೊಂಬು ನೀರು ಕುಡಿದ.

"ಇದನ್ನ ಹನ್ನೆರಡು ಜನಕ್ಕೆ ಬಡಿಸ್ತಾರಾ? ಅವರು ಬದುಕಿದ್ದಾರಾ ಅಂತ ಕೇಳ್ಕೊಂಡು ಬಾ."

ಸೌಟಕ್ಕ ತಾನೂ ಬಾಯಿಗಿಟ್ಟುಕೊಂಡಳು. ಸತ್ತ ನಾಲಿಗೆಗೂ ಆ ಉಪ್ಪು ಚುರುಕ್ಕೆಂದಿತು. ಆ ರಾತ್ರಿ ಅವಳಿಗೆ ನಿದ್ದೆ ಬಂದದ್ದು ಅಷ್ಟಕ್ಕಷ್ಟೆ. ಬೈಗುಳಕ್ಕೆ ತಯಾರಾಗಿ ಮರುದಿನ ಒಂದು ಗಂಟೆಗೇ ಹೋಟೆಲಿಗೆ ಓಡಿದಳು. ಬಕೆಟ್ಟು ತುಂಬಿ ಚೆಲ್ಲಿರಬೇಕು ಎಂದುಕೊಂಡಿದ್ದಳು.

ಬಕೆಟ್ಟು ಒಣಗಿತ್ತು.

ಮೀಸೆ ಗ್ಲಾಸುಗಳನ್ನು ಒರೆಸುತ್ತಿದ್ದ. "ನಿನ್ನೆ ಊಟದ ಬಗ್ಗೆ ಯಾರಾದ್ರೂ ಏನಾದ್ರೂ ಅಂದ್ರಾ?" ಎಂದಳು.

"ಇಲ್ಲಕ್ಕ. ಯಾರೇನಂತಾರೆ? ಚೆನ್ನಾಗಿತ್ತು ಅಂದ್ರು."

"ಯಾರು ಅಂದ್ರು?"

ಮೀಸೆ ಗ್ಲಾಸನ್ನು ಬೆಳಕಿಗೆ ಹಿಡಿದು ಇಲ್ಲದ ಕಲೆಯೊಂದನ್ನು ಹುಡುಕತೊಡಗಿದ. ದೊಡ್ಡ ಯಜಮಾನರ ಕಾಲದಲ್ಲಿ ಒಂದು ಚಿಟಿಕೆ ಉಪ್ಪು ಹೆಚ್ಚಾದರೆ ನಾಲ್ಕು ಜನ ಅಡುಗೆಮನೆ ಬಾಗಿಲಿಗೇ ಬಂದು ಜಗಳ ಕಾಯುತ್ತಿದ್ದರು. ಒಬ್ಬ ಲಾರಿ ಡ್ರೈವರ್ ಅಂತೂ ತಟ್ಟೆ ತಂದು ಅವಳ ಮುಂದಿಟ್ಟು, ನೀನೇ ತಿನ್ನು ತಾಯಿ ಎಂದಿದ್ದ. ನಿನ್ನೆಯದನ್ನು ಮನುಷ್ಯ ಮಾತ್ರದವನು ನುಂಗಲು ಸಾಧ್ಯವಿರಲಿಲ್ಲ.

ಆ ಸಂಜೆ ಆರು ಗಂಟೆಗೆ ಅವಳು ಮನೆಗೆ ಹೋಗಲಿಲ್ಲ. ಹೋಗಿಬರ್ತೀನಿ ಎಂದು ಹಿಂಬಾಗಿಲಿಂದ ಹೊರಟವಳು ಉಗ್ರಾಣಕ್ಕೆ ನುಗ್ಗಿ, ಊಟದ ಹಾಲಿನ ಕಡೆಗಿದ್ದ ಕಿಟಕಿಯ ಹಲಗೆಯನ್ನು ಎರಡು ಬೆರಳಷ್ಟು ಸರಿಸಿ ನಿಂತಳು. ಮೂರು ವರ್ಷದಲ್ಲಿ ಗಿರಾಕಿಗಳಿದ್ದ ಹಾಲನ್ನು ಅವಳು ನೋಡುತ್ತಿದ್ದುದು ಇದೇ ಮೊದಲು.

ಹನ್ನೆರಡು ಟೇಬಲ್ಲಿನ ಮೇಲೆ ಅವಳ ಹನ್ನೆರಡು ತಟ್ಟೆ ಇದ್ದವು. ಜನ ಬಂದರು, ಕೂತರು, ತಟ್ಟೆಯನ್ನು ಗೋಡೆ ಕಡೆಗೆ ತಳ್ಳಿ ಮೊಣಕೈಗೆ ಜಾಗ ಮಾಡಿಕೊಂಡರು. ಕುಡಿದರು, ಎದ್ದರು. ಮೀಸೆ ಬಂದು ಟೇಬಲ್ ಒರೆಸಿದ. ಆಮೇಲೆ ತಟ್ಟೆಯನ್ನು ಮತ್ತೆ ನಡುವಿಗೆ ಎಳೆದು, ಅದರ ಮೇಲೆ ಅವಳು ಇಟ್ಟಿದ್ದ ಬಾಡಿದ ಪುದೀನ ಎಲೆಯನ್ನು ಬೆರಳಿಂದ ನೇರ ಮಾಡಿದ. ಹೊಸ ಗಿರಾಕಿ ಬಂದ. ಅವನೂ ತಟ್ಟೆ ತಳ್ಳಿದ. ಐದನೇ ಟೇಬಲ್ಲಿನಲ್ಲಿ ಕೂತಿದ್ದವನು ಮಾತಿನ ಭರದಲ್ಲಿ ಸಿಗರೇಟಿನ ಬೂದಿ ಕೊಡವಿದ, ಕೊನೆಗೆ ತುಂಡನ್ನು ಅನ್ನದಲ್ಲಿ ಚುಚ್ಚಿ ಆರಿಸಿದ. ಎಷ್ಟು ಸಲೀಸಾಗಿ ಚುಚ್ಚಿದ ಎಂದರೆ ಅದು ಅವನ ದಿನದ ಅಭ್ಯಾಸವೇ ಇರಬೇಕು. ಮೀಸೆ ಆ ತಟ್ಟೆಯನ್ನು ಎತ್ತಿಕೊಂಡು ಹೋಗಿ, ಬಾಟಲಿ ಮುಚ್ಚಳ ತುಂಬಿದ್ದ ಕರಿಯ ಚೀಲಕ್ಕೆ ಕವುಚಿದ. ಬಕೆಟ್ಟಿನ ಹತ್ತಿರಕ್ಕೂ ಹೋಗಲಿಲ್ಲ.

ಸೌಟಕ್ಕ ಅಕ್ಕಿ ಮೂಟೆಯ ಮೇಲೆ ಕೂತಳು. ಸಿಟ್ಟು ಬರಬೇಕಿತ್ತು. ಬಂದದ್ದು ನಾಚಿಕೆ. ತರಕಾರಿ ಅಂಗಡಿಯಲ್ಲಿ, ನಲ್ಲಿಯ ಹತ್ತಿರ ತಾನು ಕೊಚ್ಚಿಕೊಂಡದ್ದೆಲ್ಲ ಒಂದೊಂದಾಗಿ ನೆನಪಾಗಿ ಮುಖ ಮುಚ್ಚಿಕೊಳ್ಳುವಂತಾಯಿತು. ಅವರಿಗೆಲ್ಲ ಗೊತ್ತಿತ್ತು. ಗಂಡನಿಗೂ ಗೊತ್ತಿತ್ತೇನೋ.

"ಗೊತ್ತಿತ್ತಾ?" ಎಂದು ಮನೆಗೆ ಬಂದು ಕೇಳಿದಳು.

ದರ್ಜಿ ಸೂಜಿ ಹುಡುಕಿದ. ಕೈಗೆ ಸಿಗಲಿಲ್ಲ. "ಕರಿ ಚೀಲ ಹರಿದು ಬೀದಿಗೆ ಬಿದ್ದಿತ್ತು ಒಂದು ಸಲ," ಎಂದ. "ನಿನ್ನ ಪುದೀನ ಎಲೆ ಗುರುತು ಸಿಕ್ತು. ನಾನೇ ಗುಡಿಸಿ ಹಾಕಿದೆ, ನಿನ್ನ ಕಣ್ಣಿಗೆ ಬೀಳದಿರಲಿ ಅಂತ."

"ಯಾಕೆ ಹೇಳಲಿಲ್ಲ?"

"ಅಷ್ಟು ಖುಷಿಯಾಗಿದ್ದೆ ನೀನು."

ಅವಳು ಅತ್ತಳು. ದರ್ಜಿ ಪಕ್ಕದಲ್ಲಿ ಕೂತ. ಹೇಳಲು ಬರದ ಮನುಷ್ಯ ಅವನು, ಕೂರಲು ಬರುತ್ತಿತ್ತು.

ಗುರುವಾರಕ್ಕೆ ಇನ್ನೂ ನಾಲ್ಕು ದಿನವಿತ್ತು. ನಾಲ್ಕು ದಿನವೂ ಅವಳು ಎರಡು ಗಂಟೆಗೆ ಹೋದಳು, ಹನ್ನೆರಡು ತಟ್ಟೆ ಮಾಡಿಟ್ಟಳು. ಯಾರೂ ತಿನ್ನುವುದಿಲ್ಲವೆಂದು ಗೊತ್ತಿದ್ದೂ ಕಲ್ಲು ಆರಿಸಿಯೇ ಬೇಳೆ ಹಾಕಿದಳು, ಕೈ ಬೇರೆ ರೀತಿ ಕೆಲಸ ಮಾಡಲು ಒಪ್ಪಲಿಲ್ಲ. ತಲೆಯಲ್ಲಿ ಮಾತ್ರ ಒಂದೇ ಪ್ರಶ್ನೆ. ಹನ್ನೆರಡು ತಟ್ಟೆ ಎಂದಷ್ಟೇ ಹೇಳಿ ಬಂದರೆ ಸುಳ್ಳಲ್ಲ, ಒಲೆಯೂ ಉಳಿಯುತ್ತದೆ. ಉಳಿದ ಒಲೆಯ ಮುಂದೆ ನಿಂತು ಮಾಡುವುದೇನು? ಸಿಗರೇಟು ಆರಿಸಲು ಅನ್ನ.

ವಿಚಾರಣೆ ಒಂದು ಸಣ್ಣ ಕೋಣೆಯಲ್ಲಿ. ಅಧಿಕಾರಿ ಕನ್ನಡಕದ ತೆಳ್ಳಗಿನ ಮನುಷ್ಯ, ಮುಂದೆ ಆರಿಹೋದ ಟೀ. ಒಂದು ಬೆಂಚಿನಲ್ಲಿ ಹೆಡ್‌ಮೇಡಂ, ದರ್ಜಿ, ಅವರ ಹಿಂದೆ ನಿಂತ ಬೀದಿಯ ಹತ್ತಿಪ್ಪತ್ತು ಜನ. ಇನ್ನೊಂದು ಬೆಂಚಿನಲ್ಲಿ ಚಿಕ್ಕ ಯಜಮಾನ, ಮೀಸೆ, ಸೌಟಕ್ಕ. ಹೆಡ್‌ಮೇಡಂ ಕಾಲು ಗಂಟೆ ಮಾತಾಡಿದರು. ಅಧಿಕಾರಿಯೂ ಅರಿವಿಲ್ಲದೆ ಬೆನ್ನು ನೇರ ಮಾಡಿ ಕೂತ. ಆಮೇಲೆ ಸೌಟಕ್ಕನನ್ನು ಕರೆದರು.

"ಹೋಟೆಲಲ್ಲಿ ಅಡುಗೆ ಆಗುತ್ತಾ?"

"ಆಗುತ್ತೆ ಸಾರ್. ನಾನೇ ಮಾಡೋದು."

"ದಿನಕ್ಕೆ ಎಷ್ಟು ಊಟ?"

"ಹನ್ನೆರಡು ತಟ್ಟೆ."

"ದಿನಾನೂ?"

"ಒಂದು ದಿನಾನೂ ತಪ್ಪಿಸಿಲ್ಲ."

ಅಧಿಕಾರಿ ಬರೆದುಕೊಂಡ. "ಸರಿ, ಕೂತ್ಕೊಳಿ."

ಚಿಕ್ಕ ಯಜಮಾನ ಉಸಿರು ಬಿಟ್ಟದ್ದು ಅವಳಿಗೆ ಕೇಳಿಸಿತು. ಕೂರಬಹುದಿತ್ತು. ಯಾರೂ ಅವಳನ್ನು ದೂರುತ್ತಿರಲಿಲ್ಲ, ಇರುವುದನ್ನು ಇದ್ದ ಹಾಗೆ ಹೇಳಿ ಆಗಿತ್ತು. ಸೌಟಕ್ಕ ನಿಂತೇ ಇದ್ದಳು.

"ಸಾರ್, ಅದನ್ನ ಯಾರು ತಿಂತಾರೆ ಅಂತ ನೀವು ಕೇಳಲಿಲ್ಲ."

"ಯಾರು ತಿಂತಾರೆ?" ಎಂದ ಅಧಿಕಾರಿ.

"ಯಾರೂ ತಿನ್ನಲ್ಲ. ಕಳೆದ ಶುಕ್ರವಾರ ನಾನು ಎರಡು ಸಲ ಉಪ್ಪು ಹಾಕಿದೆ, ನೆಗಡಿ ಆಗಿತ್ತು. ಹನ್ನೆರಡು ಟೇಬಲ್ಲಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ. ಊಟದ ಹೋಟೆಲಲ್ಲಿ ಹಾಗಾಗಲ್ಲ ಸಾರ್. ಊಟಕ್ಕೆ ಬಂದೋರು ಬಯ್ತಾರೆ. ನನ್ನನ್ನ ಯಾರಾದ್ರೂ ಬೈದು ಮೂರು ವರ್ಷ ಆಯ್ತು, ಅದು ನನ್ನ ಗಮನಕ್ಕೇ ಬರಲಿಲ್ಲ. ನಾನು ದಡ್ಡಿ, ಚೆನ್ನಾಗಿದೆ ಅಂದ್ಕೊಂಡಿದ್ದೆ."

"ಉಪ್ಪು ಹೆಚ್ಚಾಗಿತ್ತು ಅನ್ನೋದಕ್ಕೆ ಸಾಕ್ಷಿ?" ಎಂದ ಅಧಿಕಾರಿ. ಕಾಯಿದೆಯ ಮನುಷ್ಯ, ಕೇಳಲೇಬೇಕಿತ್ತು.

ದರ್ಜಿ ಎದ್ದು ನಿಂತ. "ನಾನು ತಿಂದಿದೀನಿ ಸಾರ್. ಎರಡು ತುತ್ತು."

ಬೆಂಚೆಲ್ಲ ನಕ್ಕಿತು. ನಗು ಚಪ್ಪಾಳೆಗೆ ತಿರುಗಿತು. ಸೌಟಕ್ಕ ಆ ಕಡೆ ತಿರುಗಿದಳು. ಕೈಯಲ್ಲಿ ಸೌಟಿಲ್ಲದಿದ್ದರೂ ಸೌಟು ಹಿಡಿದಂತೆಯೇ ಬೆರಳು ಚಾಚಿದಳು.

"ಚಪ್ಪಾಳೆ ಬೇಡ. ದೊಡ್ಡ ಯಜಮಾನರು ಕೊನೆ ಎರಡು ವರ್ಷ ಮಧ್ಯಾಹ್ನ ಬಾಗಿಲು ತೆಗೆದು ಕೂರ್ತಿದ್ರಲ್ಲ, ನಿಮ್ಮಲ್ಲಿ ಎಷ್ಟು ಜನ ಬಂದ್ರಿ? ಮೇಡಂ, ನೀವು ಬಂದ್ರಾ? ಖಾಲಿ ಕುರ್ಚಿ ನೋಡಿ ನೋಡಿ ಆ ಮನುಷ್ಯ ಹೋದ್ರು. ಈ ಹುಡುಗ ಬಾಟಲಿ ತಂದಿದ್ದು ಆ ಕುರ್ಚಿ ತುಂಬಿಸೋಕೆ. ಮಾಡಿದ್ದು ತಪ್ಪು. ಒಬ್ಬನೇ ಮಾಡಿದ್ದಲ್ಲ."

ಹೆಡ್‌ಮೇಡಂ ತಲೆ ತಗ್ಗಿಸಿದರು. ಅವರು ತಲೆ ತಗ್ಗಿಸಿದ್ದನ್ನು ಆ ಬೀದಿಯಲ್ಲಿ ಯಾರೂ ಅದುವರೆಗೆ ಕಂಡಿರಲಿಲ್ಲ.

ಮದ್ಯದ ಪರವಾನಗಿ ರದ್ದಾಯಿತು. ಊಟದ ಹೋಟೆಲು ನಡೆಸಲು ಅಡ್ಡಿಯಿಲ್ಲ ಎಂದು ಆದೇಶ. ಕಚೇರಿಯ ಮೆಟ್ಟಿಲಿಳಿಯುವಾಗ ಚಿಕ್ಕ ಯಜಮಾನ ಅವಳ ಪಕ್ಕದಲ್ಲೇ ನಡೆದ.

"ನಿನ್ನ ಒಲೆಗೆ ನೀನೇ ನೀರು ಸುರಿದೆಯಲ್ಲ ಅಕ್ಕಾ."

"ಗೊತ್ತು ಪುಟ್ಟಾ."

ಅವನು ಕೊನೆಯ ಮೆಟ್ಟಿಲಲ್ಲಿ ನಿಂತ. "ಒಂದು ತಿಂಗಳು ನಡೆಸ್ತೀನಿ," ಎಂದ ಕೊನೆಗೆ. "ಮಧ್ಯಾಹ್ನದ ಊಟ ಮಾತ್ರ, ಅಪ್ಪ ನಡೆಸ್ತಿದ್ದ ಹಾಗೆ. ಜನ ಬಂದ್ರೆ ಸರಿ, ಇಲ್ಲದಿದ್ರೆ ಮುಗೀತು."

ಮೊದಲ ದಿನ ಬೀದಿಗೆ ಬೀದಿಯೇ ಬಂತು. ಕುರ್ಚಿ ಸಾಲದೆ ದರ್ಜಿ ತನ್ನ ಅಂಗಡಿಯ ಸ್ಟೂಲು ತಂದುಹಾಕಿದ. ಒಬ್ಬ ಅಡುಗೆಮನೆಗೇ ಬಂದು ಬೇಳೆ ನೀರಾಗಿದೆ ಎಂದು ಜಗಳ ತೆಗೆದ, ಸೌಟಕ್ಕ ಅವನನ್ನು ತಬ್ಬಿಕೊಳ್ಳುವುದೊಂದು ಬಾಕಿ. ಎರಡನೆಯ ದಿನ ಮೂವತ್ತು ಜನ. ಒಂದು ವಾರ ಕಳೆಯುವ ಹೊತ್ತಿಗೆ ಹದಿನಾಲ್ಕು. ಯಾರ ಮನಸ್ಸಿನಲ್ಲೂ ಕೆಟ್ಟದ್ದಿರಲಿಲ್ಲ. ಒಬ್ಬರ ಮನೆಗೆ ನೆಂಟರು ಬಂದಿದ್ದರು, ಇನ್ನೊಬ್ಬರಿಗೆ ವೈದ್ಯರು ಹೊರಗಿನ ಊಟ ಬೇಡವೆಂದಿದ್ದರು, ಬಹಳ ಜನಕ್ಕೆ ಮನೆಯ ಊಟವೇ ಇತ್ತು. ಬೀದಿ ಶಾಂತವಾಗಿತ್ತು, ಶಟರ್ ಸ್ವಚ್ಛವಾಗಿತ್ತು, ಬಯಸಿದ್ದು ಸಿಕ್ಕಿದ ಮೇಲೆ ಜನ ಅವರವರ ಬಾಗಿಲು ಹಾಕಿಕೊಂಡರು. ಅದರಲ್ಲಿ ದೂರುವಂಥದ್ದು ಏನಿದೆ, ನಾವೂ ನೀವೂ ಮಾಡುವುದು ಇದನ್ನೇ. ಮೂರನೆಯ ವಾರಕ್ಕೆ ಆರು ಜನ ಉಳಿದರು. ದಿನ ತಪ್ಪದೆ ಬಂದವರು ಹೆಡ್‌ಮೇಡಂ ಒಬ್ಬರೇ. ಸರಿಯಾಗಿ ಒಂದು ಗಂಟೆಗೆ ಬಂದು, ಕಿಟಕಿ ಪಕ್ಕ ಕೂತು, ತಟ್ಟೆಯಲ್ಲಿ ಒಂದು ಅಗುಳು ಬಿಡದೆ ಊಟ ಮುಗಿಸಿ ಹೋಗುತ್ತಿದ್ದರು.

ಮೂವತ್ತನೆಯ ದಿನ ಅವರು ಕೈತೊಳೆದು ಅಡುಗೆಮನೆಯ ಬಾಗಿಲಿಗೆ ಬಂದರು.

"ನಾನು ಬಾರು ಮುಚ್ಚಲಿ ಅಂದಿದ್ದೆ. ಇದು ಮುಚ್ಚಲಿ ಅಂತ ಅಲ್ಲ."

"ನನಗೆ ಗೊತ್ತು ಮೇಡಂ."

"ನಿಮಗೆ ನಾನು ಏನು ಹೇಳಬೇಕೋ ಗೊತ್ತಾಗ್ತಿಲ್ಲ," ಎಂದು ಅವರು ಹೊರಟುಹೋದರು.

ಸೌಟಕ್ಕ ಎರಡು ಒಲೆ ಆರಿಸಿ ಒರೆಸಿದಳು. ಮೂರನೆಯದರ ಮೇಲೆ ಇನ್ನೂ ಮೂರ್ನಾಲ್ಕು ಜನಕ್ಕಾಗುವಷ್ಟು ಬೇಳೆ ಬಿಸಿಯಾಗಿತ್ತು. ಹಾಲಿನಲ್ಲಿ ಯಾರೂ ಇರಲಿಲ್ಲ. ಚಿಕ್ಕ ಯಜಮಾನ ಗಲ್ಲಾದಿಂದ ಎದ್ದು ಒಳಗೆ ಬಂದ, ಸ್ಟ್ಯಾಂಡಿನಿಂದ ಎರಡು ತಟ್ಟೆ ತೆಗೆದ.

"ಬಾ ಅಕ್ಕಾ, ಕೂತ್ಕೋ."

"ನೀನು ಕೂತ್ಕೋ, ಬಡಿಸ್ತೀನಿ."

"ನೀನು ಕೂತ್ಕೋ ಅಂದೆ."

ಅವಳ ಕೈಯಿಂದ ಸೌಟು ತೆಗೆದುಕೊಂಡು, ಪಾತ್ರೆಯನ್ನೂ ಎತ್ತಿಕೊಂಡು ಹಾಲಿಗೆ ನಡೆದ. ಸೌಟಕ್ಕ ಬರಿಗೈಯಲ್ಲಿ ಹಿಂದೆ ಹೋದಳು. ಇಪ್ಪತ್ತೇಳು ವರ್ಷದಲ್ಲಿ ಅವಳು ಆ ಹಾಲಿನ ನೆಲ ಒರೆಸಿದ್ದಳು, ಕಿಟಕಿ ತೊಳೆದಿದ್ದಳು, ಕುರ್ಚಿಯ ಮೇಲೆ ಕೂತಿರಲಿಲ್ಲ. ಅವನು ಕುರ್ಚಿ ಎಳೆದ. ಅವಳು ಅಂಚಿನಲ್ಲಿ ಕೂತಳು. ಅವನು ಅನ್ನ ಹಾಕಿದ, ಬೇಳೆ ಹಾಕಿದ, ಅರ್ಧ ಟೇಬಲ್ಲಿಗೆ ಚೆಲ್ಲಿದ.

"ನಿನಗೆ ಬೇಜಾರಾಗಿದೆಯಾ ಅಕ್ಕಾ?"

"ತುಂಬಾ ಆಗಿದೆ. ಆದ್ರೂ ನಾಳೆ ಕರೆದು ಕೇಳಿದ್ರೂ ಅದನ್ನೇ ಹೇಳ್ತೀನಿ. ತಿನ್ನು, ಆರಿಹೋಗುತ್ತೆ."

ಅವನು ತಿಂದ. ಚಿಕ್ಕವನಿದ್ದಾಗಿನಂತೆಯೇ ಗಬಗಬನೆ, ತಲೆ ಎತ್ತದೆ ತಿಂದ. ಅವಳು ಅವನನ್ನೇ ನೋಡುತ್ತಿದ್ದು, ಆಮೇಲೆ ತನ್ನ ತಟ್ಟೆಗೆ ಕೈ ಹಾಕಿದಳು. ಬೇರೆಯವರು ಬಡಿಸಿದ ತನ್ನ ಅಡುಗೆ ಹೇಗಿರುತ್ತದೆಂದು ಅವಳಿಗೆ ಗೊತ್ತೇ ಇರಲಿಲ್ಲ. ಚೆನ್ನಾಗಿತ್ತು. ನಿಜವಾಗಿಯೂ ಚೆನ್ನಾಗಿತ್ತು. ತಟ್ಟೆ ಖಾಲಿಯಾದದ್ದು ಅವಳಿಗೆ ತಿಳಿಯಲಿಲ್ಲ.

ಚಿಕ್ಕ ಯಜಮಾನ ಸೌಟು ಹಿಡಿದು ಎದ್ದು ನಿಂತ. "ಸಾಕಾ ಅಕ್ಕಾ? ಇನ್ನೊಂದು ಸೌಟು ಹಾಕ್ಲಾ?"

ದಿನಕ್ಕೆ ನೂರು ಸಲ ಅವಳು ಜನರನ್ನು ಕೇಳುತ್ತಿದ್ದ ಮಾತು ಅದು, ಅವಳನ್ನು ಯಾರೂ ಕೇಳಿದವರಿಲ್ಲ. ಸೌಟಕ್ಕ ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ ಮುಂದಕ್ಕೆ ಹಿಡಿದಳು.